ತೀರಿಹೋದವರ ಹೆಸರಿನಲ್ಲೇ ಉಳಿದ ಜಾಗ

(ಮುಂಬಯಿಯ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಮಾತು ಶುರುವಾಗುವ ಮುಂಚೆ ಒಂದು ಸಣ್ಣ ಕೆಲಸ. ಫೋನಿನಲ್ಲಿ ಕರ್ನಾಟಕ ಸರಕಾರದ ‘ಭೂಮಿ’ ಜಾಲತಾಣ ತೆರೆದು ಊರಿನ ಜಾಗದ ಸರ್ವೆ ನಂಬರ್ ಹಾಕಿ. ಆರ್‌ಟಿಸಿ ಬರುತ್ತದೆ, ಬೆಳಗಾವಿ, ವಿಜಯಪುರದ ಕಡೆಯವರು ಇದನ್ನೇ ಉತಾರ ಅನ್ನುತ್ತಾರೆ, ಮೈಸೂರು ಕಡೆಯವರು ಪಹಣಿ. ಅದರ 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ಕುಂದಾಪುರದ ಗದ್ದೆಯಾಗಲಿ, ಜಮಖಂಡಿಯ ಕಬ್ಬಿನ ಹೊಲವಾಗಲಿ, ಇಲ್ಲಿ ಕುಳಿತ ಅನೇಕರಿಗೆ ಕಾಣಿಸುವುದು ಎಂದೋ ತೀರಿಹೋದ ಅಜ್ಜನ ಹೆಸರು, ಇಲ್ಲವೇ ಊರಲ್ಲೇ ಉಳಿದ ದೊಡ್ಡಪ್ಪನದು.

ಹೋಟೆಲು, ಕ್ಯಾಂಟೀನು, ಮಿಲ್ಲು, ಬ್ಯಾಂಕು ಎಂದು ಇಲ್ಲೇ ಎರಡು ಮೂರು ತಲೆಮಾರು ಕಳೆದವರಿಗೆ ಆ ಹೆಸರು ಬದಲಿಸುವ ಜರೂರು ಕಂಡಿರಲಿಲ್ಲ. ಗದ್ದೆಗೆ ಬೆಲೆಯಿಲ್ಲದ ಕಾಲದಲ್ಲಿ ಯಾರೂ ಕೇಳಲಿಲ್ಲ. ಹೆದ್ದಾರಿ ಅಗಲವಾಯಿತು, ಸೆಂಟ್ಸಿಗೆ ಲಕ್ಷದ ಮಾತು ಬಂತು, ಈಗ ಎಲ್ಲರಿಗೂ ಮತ್ಸ್ಯಗಂಧದ ಟಿಕೆಟು ಬೇಕು.

ಸುಮ್ಮನೆ ಬಿಟ್ಟರೆ ಜಾಗ ಹಾಗೇ ಇರುತ್ತದೆ, ಪಾಲುದಾರರು ಮಾತ್ರ ಹೆಚ್ಚುತ್ತಾರೆ. ಅಜ್ಜ ಹೋದಾಗ ಐದು ಮಕ್ಕಳಿದ್ದರೆ ಐದು ಸಹಿಯಲ್ಲಿ ಮುಗಿಯುತ್ತಿತ್ತು. ಆ ಐವರೂ ತೀರಿಹೋಗಿ, ಒಬ್ಬೊಬ್ಬರಿಗೂ ಗಂಡನೋ ಹೆಂಡತಿಯೋ ಮತ್ತು ಮೂವರು ಮಕ್ಕಳು ಉಳಿದಿದ್ದರೆ ಇಪ್ಪತ್ತು ಸಹಿ ಬೇಕು. ಇಪ್ಪತ್ತರಲ್ಲಿ ಒಬ್ಬರು ಮಸ್ಕತ್ತಿನಲ್ಲಿ, ಒಬ್ಬ ಮೈನರ್, ಇನ್ನೊಬ್ಬರಿಗೆ ಉಳಿದವರ ಮುಖ ಕಂಡರಾಗದು.

ಇಂಥ ಮನೆಗಳಲ್ಲಿ ಪಂಚಾಯಿತಿಕೆಗೆ ಕುಳಿತ ಕೂಡಲೇ ‘ನನಗೆಷ್ಟು’ ಎಂಬಲ್ಲಿಂದ ಮಾತು ಶುರುವಾಗುತ್ತದೆ. ಅಲ್ಲೇ ಕೆಡುವುದು. ಅದಕ್ಕೆ ಮುಂಚೆ ಮೂರು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬೇಕು: ಆ ವ್ಯಕ್ತಿ ತೀರಿಹೋದದ್ದು ಯಾವ ದಿನ, ಜಾಗ ಅವರ ಕೈಗೆ ಬಂದದ್ದು ಹೇಗೆ, ವಾರಸುದಾರರು ಯಾರೆಲ್ಲ. ಮೂರೂ ಗೊತ್ತಾದರೆ ಪಾಲು ಬರೀ ಭಾಗಾಕಾರ.

ಯಾವ ದಿನ

ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂದದ್ದು 1956ರ ಜೂನ್ 17ರಂದು. ಅದಕ್ಕೆ ಮುಂಚೆ ತೀರಿಹೋದವರ ಆಸ್ತಿಗೆ ಹಳೆಯ ಕಟ್ಟಲೆ, ಆಮೇಲೆ ಹೋದವರದಕ್ಕೆ ಈ ಕಾಯಿದೆ.

ತುಳುನಾಡಿನವರಿಗೆ ಇದು ಹೆಚ್ಚು ತಾಗುತ್ತದೆ. ಅಲ್ಲಿನ ಅಳಿಯಕಟ್ಟು, ಅಂದರೆ ಅಳಿಯಸಂತಾನ, ಆಸ್ತಿ ತಾಯಿಯ ವಂಶದಲ್ಲಿ ಇಳಿಯುವ ಕಟ್ಟಲೆ. ‘ನಮ್ಮದು ಅಳಿಯಕಟ್ಟು, ಗಂಡಸರ ಮಕ್ಕಳಿಗೆ ಕುಟುಂಬದ ಜಾಗದಲ್ಲಿ ಪಾಲಿಲ್ಲ’ ಎಂಬ ಮಾತನ್ನು ಈಗಲೂ ಕೇಳುತ್ತೇವೆ. ಕಾಯಿದೆಯ 7ನೇ ಕಲಮಿನ 2ನೇ ಉಪಕಲಮು ಬೇರೆಯೇ ಹೇಳುತ್ತದೆ. ಕಾಯಿದೆ ಬಂದ ನಂತರ ತೀರಿಹೋದ ಅಳಿಯಸಂತಾನದ ಸದಸ್ಯರಿಗೆ ಕುಟುಂಬದಲ್ಲೋ ಕವರಿನಲ್ಲೋ (ಕುಟುಂಬದ ಕವಲಿನಲ್ಲೋ) ಅವಿಭಜಿತ ಹಕ್ಕಿದ್ದರೆ, ಆ ಹಕ್ಕು ಈ ಕಾಯಿದೆಯ ಪ್ರಕಾರವೇ ಇಳಿಯುತ್ತದೆ. ಅವರು ಸಾಯುವ ಮುಂಚಿನ ಕ್ಷಣ ಬದುಕಿದ್ದ ಸದಸ್ಯರೆಲ್ಲರಿಗೂ ತಲೆ ಲೆಕ್ಕದಲ್ಲಿ ಪಾಲು ಮಾಡಿದ್ದರೆ ಅವರಿಗೆಷ್ಟು ಬರುತ್ತಿತ್ತೋ ಅಷ್ಟು. ಅಂದರೆ 1980ರಲ್ಲಿ ತೀರಿಹೋದ ಮಾವನ ಆ ಪಾಲು ಅವರ ಹೆಂಡತಿ ಮಕ್ಕಳಿಗೆ ಹೋಗುತ್ತದೆ. 1950ರಲ್ಲಿ ತೀರಿಹೋದವರಿದ್ದರೆ ಹೋಗುವುದಿಲ್ಲ. ಒಂದೇ ಕುಟುಂಬದ ಇಬ್ಬರು ಅಣ್ಣತಮ್ಮಂದಿರ ಮಕ್ಕಳಲ್ಲಿ ಒಬ್ಬರಿಗೆ ಪಾಲು, ಇನ್ನೊಬ್ಬರಿಗಿಲ್ಲ ಎಂಬ ವಿಚಿತ್ರ ಹೀಗೆ ಹುಟ್ಟುತ್ತದೆ.

ಮರಣ ಪ್ರಮಾಣಪತ್ರದ ತೊಡಕೂ ಇಲ್ಲಿಯದೇ. ಮರಣ ನೋಂದಣಿಗೆ ಇರುವ ಅವಧಿ 21 ದಿನ. ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶ ಬೇಕು. ಮುಂಬಯಿಯಲ್ಲಿ ತೀರಿಹೋದವರ ಪತ್ರದಲ್ಲಿ ಹೆಸರು, ತಂದೆಯ ಹೆಸರು, ಕೊನೆಗೆ ಶೆಟ್ಟಿ, ಪೂಜಾರಿ, ಬಂಗೇರ ಎಂಬ ಉಪನಾಮ ಇರುತ್ತದೆ. ಊರಿನ ಆರ್‌ಟಿಸಿಯಲ್ಲಿ ಬರೀ ಕರೆಯುವ ಹೆಸರು, ಪಕ್ಕದಲ್ಲಿ ‘ಬಿನ್’ ಇಂಥವರು. ಇಬ್ಬರೂ ಒಬ್ಬರೇ ಎಂದು ನಾಡಕಚೇರಿಯ ಗುಮಾಸ್ತರು ನಂಬಬೇಕಾದ ಕಾರಣವಿಲ್ಲ. ಅಫಿಡವಿಟ್ಟು, ಶಾಲೆಯ ದಾಖಲೆ, ಹಳೆಯ ರೇಷನ್ ಕಾರ್ಡು, ಎರಡೂ ಹೆಸರಿರುವ ಯಾವುದಾದರೂ ನೋಂದಾಯಿತ ಪತ್ರ ಒಟ್ಟು ಮಾಡಿಕೊಂಡೇ ರೈಲು ಹತ್ತಿ.

ಕೈಗೆ ಬಂದದ್ದು ಹೇಗೆ

‘ಅಜ್ಜನ ಆಸ್ತಿ ಅಂದ ಮೇಲೆ ಮೊಮ್ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು’ ಎಂಬ ಮಾತು ನ್ಯಾಯಾಲಯಕ್ಕೆ ತರುವಷ್ಟು ದಾವೆಗಳನ್ನು ಬೇರಾವ ತಪ್ಪು ನಂಬಿಕೆಯೂ ತಂದಿರಲಾರದು. ಅಜ್ಜ ತನ್ನ ದುಡಿಮೆಯಿಂದ ಕೊಂಡ ಜಾಗ. ಅವರು 1956ರ ನಂತರ ವಿಲ್ ಬರೆಯದೆ ತೀರಿಹೋದರು. ಅದು 8ನೇ ಕಲಮಿನಂತೆ ಮಗನಿಗೆ ಬಂತು. ಆ ಮಗನ ಕೈಯಲ್ಲಿ ಅದು ಅವನ ಸ್ವಂತ ಆಸ್ತಿ. ಅವನ ಮಕ್ಕಳಿಗೆ ಅದರಲ್ಲಿ ಹುಟ್ಟಿನ ಹಕ್ಕಿಲ್ಲ. ಸುಪ್ರೀಂ ಕೋರ್ಟು ಇದನ್ನು 1986ರ ಚಂದರ್ ಸೇನ್ ಪ್ರಕರಣದಲ್ಲೇ ಹೇಳಿತು, ಮರುವರ್ಷ ಮತ್ತೆ ಹೇಳಿತು. 1956ಕ್ಕೆ ಮುಂಚೆಯೇ ಇಳಿದುಬಂದ, ಅಥವಾ ಪಾಲಾಗದೆ ಅವಿಭಕ್ತವಾಗಿಯೇ ನಡೆದುಬಂದ ಆಸ್ತಿಯ ಮಾತು ಬೇರೆ. ಆದ್ದರಿಂದ ಜಾಗದ ಮೂಲಪತ್ರ ಸಿಗದೆ ‘ಪಿತ್ರಾರ್ಜಿತ’ ಎಂಬ ಶಬ್ದವನ್ನು ನೋಟೀಸಿನಲ್ಲಿ ಬರೆಸಬೇಡಿ.

ಇದರಿಂದ ಪಾಲು ಎಷ್ಟು ಬದಲಾಗುತ್ತದೆ? 4 ಎಕರೆ ಅಂದರೆ 400 ಸೆಂಟ್ಸು. ತಂದೆ ಈಚೆಗೆ ತೀರಿಹೋದರು. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದಾರೆ. ಜಾಗ ತಂದೆಯ ಸ್ವಂತದ್ದಾದರೆ ನಾಲ್ಕು ಪಾಲು, ತಲಾ 100 ಸೆಂಟ್ಸು. ತಂದೆಯ ತಾಯಿಯೂ ಬದುಕಿದ್ದರೆ ಅವರೂ ಮೊದಲ ವರ್ಗದ ವಾರಸುದಾರರು, ಐದು ಪಾಲು, ತಲಾ 80. ಅಜ್ಜಿಯನ್ನು ಮರೆಯುವುದು ಎಲ್ಲರೂ ಮಾಡುವ ತಪ್ಪು. ತಂದೆಯ ತಂದೆ ಬದುಕಿದ್ದರೂ ಈ ವರ್ಗದಲ್ಲಿಲ್ಲ, ಅಜ್ಜಿಗುಂಟು, ಅಜ್ಜನಿಗಿಲ್ಲ.

ಈಗ ಅದೇ ಜಾಗ ಪಿತ್ರಾರ್ಜಿತ, ಅಜ್ಜಿ ಇಲ್ಲ ಎಂದುಕೊಳ್ಳಿ. ಹಳೆಯ ಮದ್ರಾಸ್ ಪ್ರಾಂತ್ಯದ ಕಡೆ, ಅಂದರೆ ದಕ್ಷಿಣ ಕನ್ನಡದ ಮಕ್ಕಳಕಟ್ಟಿನ (ಆಸ್ತಿ ತಂದೆಯ ವಂಶದಲ್ಲಿ ಇಳಿಯುವ) ಮನೆತನಗಳಲ್ಲಿ, ಗಂಡ ಮತ್ತು ಮಕ್ಕಳ ನಡುವಿನ ಪಾಲಿನಲ್ಲಿ ಹೆಂಡತಿಗೆ ಪ್ರತ್ಯೇಕ ಪಾಲು ಇರಲಿಲ್ಲ. ತಂದೆ ಸಾಯುವ ಮುಂಚಿನ ಕ್ಷಣ ಪಾಲಾಯಿತು ಎಂದು ಭಾವಿಸಿದರೆ ತಂದೆ ಮತ್ತು ಮೂವರು ಮಕ್ಕಳಿಗೆ ತಲಾ 100. ತಂದೆಯ 100 ಮತ್ತೆ ನಾಲ್ವರಿಗೆ ತಲಾ 25. ಮಕ್ಕಳಿಗೆ 125, ತಾಯಿಗೆ ಬರೀ 25. ಹಳೆಯ ಮುಂಬಯಿ ಪ್ರಾಂತ್ಯದ ಕಟ್ಟಲೆಯಲ್ಲಿ ಹೆಂಡತಿಗೂ ಒಂದು ಪಾಲುಂಟು. ಧಾರವಾಡ, ಬೆಳಗಾವಿ, ವಿಜಯಪುರದವರು ಈ ಪಂಕ್ತಿಗೆ ಸೇರುತ್ತಾರೆ. ಅಲ್ಲಿ ಐದು ಪಾಲು ತಲಾ 80, ತಂದೆಯ 80 ನಾಲ್ವರಿಗೆ ತಲಾ 20, ಕೊನೆಗೆ ಎಲ್ಲರಿಗೂ 100. ಪ್ರಾಂತ್ಯಗಳು ಹೋಗಿ ಇಷ್ಟು ಕಾಲವಾದರೂ ತಾಯಿಯ 75 ಸೆಂಟ್ಸು ಇನ್ನೂ ಆ ಗಡಿಯ ಮೇಲೆ ನಿಂತಿದೆ. 1978ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಗುರುಪಾದ ಮಗದುಮ್ ವಿರುದ್ಧ ಹೀರಾಬಾಯಿ ಪ್ರಕರಣದಲ್ಲಿ ವಿಧವೆಗೆ ನಾಲ್ಕನೇ ಒಂದು, ಅದರ ಮೇಲೆ ಇಪ್ಪತ್ತನಾಲ್ಕನೇ ಒಂದು, ಒಟ್ಟು 24ರಲ್ಲಿ 7 ಪಾಲು ಸಿಕ್ಕಿದ್ದು ಈ ಮುಂಬಯಿ ಲೆಕ್ಕದಿಂದಲೇ.

ಕರಾವಳಿಯಲ್ಲಿ ಇನ್ನೊಂದು ಬಗೆಯ ಜಾಗವುಂಟು: 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಸಿಕ್ಕಿದ್ದು. ಡಿಕ್ಲರೇಷನ್, ಅಂದರೆ ನಮೂನೆ 7, ಹಾಕಿದ್ದು ಊರಲ್ಲಿದ್ದ ಅಣ್ಣ. ಭೂನ್ಯಾಯ ಮಂಡಳಿಯ ಆದೇಶ, ನಮೂನೆ 10 ಅಣ್ಣನ ಹೆಸರಿಗೆ. ತಮ್ಮ ಆಗ ಇಲ್ಲಿ ಹೋಟೆಲಿನಲ್ಲಿದ್ದ. ‘ಅಪ್ಪನ ಹೆಸರಿಗೆ ಬಂದದ್ದು, ನಮ್ಮದೇ’ ಎಂದು ಅಣ್ಣನ ಮಕ್ಕಳ ವಾದ, ‘ಗೇಣಿ ಅಜ್ಜನ ಕಾಲದ್ದು’ ಎಂದು ತಮ್ಮನ ಮಕ್ಕಳ ವಾದ. ಹೆಸರೊಂದೇ ಇದನ್ನು ತೀರ್ಮಾನಿಸುವುದಿಲ್ಲ. ಗೇಣಿ ಚೀಟು ಯಾರ ಕಾಲದ್ದು, ಆಗ ಮನೆ ಒಟ್ಟಾಗಿತ್ತೇ, ಗೇಣಿ ಅಕ್ಕಿ ಅಳೆದುಕೊಟ್ಟದ್ದು ಯಾರು, ಇವನ್ನು ನ್ಯಾಯಾಲಯ ನೋಡುತ್ತದೆ. ತಾಲೂಕು ಕಚೇರಿಯಿಂದ ಮಂಡಳಿಯ ಇಡೀ ಕಡತದ ದೃಢೀಕೃತ ನಕಲು ತೆಗೆಸಿ. ಅಣ್ಣ ಅಂದು ಕೊಟ್ಟ ಹೇಳಿಕೆಯಲ್ಲಿ ‘ನಮ್ಮ ತಂದೆಯವರ ಕಾಲದಿಂದ ಗೇಣಿಗೆ ಮಾಡಿಕೊಂಡು ಬಂದಿದ್ದೇವೆ’ ಎಂಬ ಒಂದು ಸಾಲು ಸಿಕ್ಕಿದರೆ ಅರ್ಧ ದಾವೆ ಮುಗಿದಂತೆ. ಎಲ್ಲ ಬಿಟ್ಟು ಆದೇಶದ ಪ್ರತಿಯನ್ನು ಮಾತ್ರ ಹಿಡಿದುಕೊಂಡು ಬರುವವರೇ ಜಾಸ್ತಿ.

ಕುಮ್ಕಿಯ ವಿಷಯವೂ ಹೇಳಿಬಿಡುತ್ತೇವೆ. ವರ್ಗ ಜಾಗದ, ಅಂದರೆ ಪಟ್ಟಾ ಜಾಗದ, ಸುತ್ತ ನೂರು ಗಜದೊಳಗಿನ ಕುಮ್ಕಿ ಸರಕಾರದ ಜಾಗ. ಸೊಪ್ಪು, ಸೌದೆಯಂಥ ಸವಲತ್ತು ವರ್ಗದಾರರಿಗೆ, ಒಡೆತನ ಅಲ್ಲ. ಅದನ್ನು ಪಾಲುಪತ್ರದಲ್ಲಿ ಒಬ್ಬರ ಪಾಲಿಗೆ ‘ಒಂದು ಎಕರೆ’ ಎಂದು ಎಣಿಸಿ ಹಾಕಿದರೆ, ಆ ಒಬ್ಬರಿಗೆ ಸಿಕ್ಕಿದ್ದು ಗಾಳಿ.

ವಾರಸುದಾರರು ಯಾರೆಲ್ಲ

ಹೆಣ್ಣುಮಕ್ಕಳು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಎಂಬ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಬಂತು. ಆ ದಿನ ತಂದೆ ಬದುಕಿರಬೇಕೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಲ್ಲಿ ಬಿಡಿಸಿತು: ಬೇಕಿಲ್ಲ. ಮದುವೆ ಯಾವಾಗ ಆಯಿತು ಎಂಬುದೂ ಈಗ ಪ್ರಶ್ನೆಯಲ್ಲ. ಉಳಿದಿರುವ ಒಂದು ಬಾಗಿಲೆಂದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ಆಗಿಹೋದ ಪಾಲು ಅಥವಾ ಮಾರಾಟ. ಅದಕ್ಕೇ ಅಣ್ಣಂದಿರಿಗೆ ಇದ್ದಕ್ಕಿದ್ದಂತೆ ‘ನಮ್ಮಲ್ಲಿ 1998ರಲ್ಲೇ ಬಾಯಿಮಾತಿನ ಪಾಲಾಗಿತ್ತು’ ಎಂದು ನೆನಪಾಗುವುದು. ಬಾಯಿಮಾತಿನ ಪಾಲನ್ನು ನ್ಯಾಯಾಲಯ ಸುಲಭಕ್ಕೆ ಒಪ್ಪುವುದಿಲ್ಲ. ಆಗಿನಿಂದಲೇ ಬೇರೆ ಬೇರೆ ಖಾತೆ, ಬೇರೆ ಬೇರೆ ತೀರ್ವೆ ರಸೀದಿಯಂಥ ಸರಕಾರಿ ದಾಖಲೆಯ ಬೆಂಬಲ ಇರಬೇಕು.

ತಂದೆಯ ಸ್ವಂತ ಆಸ್ತಿಯಲ್ಲಂತೂ ಮಗಳ ಪಾಲು 1956ರಿಂದಲೇ ಇತ್ತು. ಇದನ್ನು 2005ರ ಹೊಸ ಕಾನೂನು ಎಂದುಕೊಂಡವರು ಇನ್ನೂ ಇದ್ದಾರೆ.

ಮದುವೆಯ ಹೊತ್ತಿಗೆ ಬರೆಸಿಕೊಂಡ ಕಾಗದದ ಮಾತು ಪದೇ ಪದೇ ಬರುತ್ತದೆ. ತಂದೆ ಬದುಕಿರುವಾಗ ಅವರ ಸ್ವಂತ ಆಸ್ತಿಯಲ್ಲಿ ‘ಮುಂದೆ ನನಗೆ ಬರಬಹುದಾದ ಪಾಲು ಬೇಡ’ ಎಂದು ಮಗಳು ಬರೆದುಕೊಟ್ಟರೆ, ಅದು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಇನ್ನೂ ಹುಟ್ಟದ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ. ಸ್ವತ್ತು ವರ್ಗಾವಣೆ ಕಾಯಿದೆಯ 6ನೇ ಕಲಮು ಅದನ್ನು ತಡೆಯುತ್ತದೆ. ತಂದೆ ಹೋದ ಮೇಲೆ, ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟರೆ ನಿಲ್ಲುತ್ತದೆ. ಅರಶಿನ ಕುಂಕುಮಕ್ಕೆ ಕರೆದು ಸೀರೆ ಉಡಿಸಿ ಬಿಳಿ ಹಾಳೆಗೆ ಸಹಿ ಹಾಕಿಸಿಕೊಂಡರೆ ನಿಲ್ಲುವುದಿಲ್ಲ.

ಎರಡನೇ ಸಂಸಾರದ ಮಕ್ಕಳು. ಮೊದಲ ಹೆಂಡತಿ ಇರುವಾಗಲೇ ಆದ ಎರಡನೇ ಮದುವೆ ಅಸಿಂಧು, ಆ ಹೆಂಡತಿಗೆ ಪಾಲಿಲ್ಲ. ಮಕ್ಕಳಿಗುಂಟು. 2023ರ ಸೆಪ್ಟೆಂಬರ್ 1ರಂದು ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದಂತೆ, ತಂದೆಯ ಸ್ವಂತ ಆಸ್ತಿಯಲ್ಲೂ, ಪಿತ್ರಾರ್ಜಿತದಲ್ಲಿ ತಂದೆಗೆ ಬರುತ್ತಿದ್ದ ಪಾಲಿನಲ್ಲೂ ಅವರು ವಾರಸುದಾರರು. ಹುಟ್ಟಿನಿಂದ ಬರುವ ಪಾಲು ಮಾತ್ರ ಅವರಿಗಿಲ್ಲ. ಮುಂಬಯಿಯಲ್ಲಿ ಒಂದು, ಊರಲ್ಲಿ ಒಂದು ಸಂಸಾರ ನಡೆಸಿದವರ ಮನೆಗಳಲ್ಲಿ ಇದನ್ನು ಮುಚ್ಚಿಟ್ಟು ವಂಶವೃಕ್ಷ ಮಾಡಿಸಿದರೆ ಮುಂದೆ ಎಲ್ಲ ಪತ್ರಗಳೂ ಅಲುಗಾಡುತ್ತವೆ.

ಮಕ್ಕಳಿಲ್ಲದೆ ತೀರಿಹೋದ ಅಕ್ಕತಂಗಿಯರದು ಬೇರೆ ದಾರಿ. ತಂದೆ ತಾಯಿಯಿಂದ ಬಂದ ಜಾಗ ತಂದೆಯ ವಾರಸುದಾರರಿಗೆ ಮರಳುತ್ತದೆ. ಗಂಡನಿಂದಲೋ ಮಾವನಿಂದಲೋ ಬಂದದ್ದು ಗಂಡನ ವಾರಸುದಾರರಿಗೆ. ಆಕೆಯೇ ದುಡಿದು ಕೊಂಡದ್ದಾದರೆ ಮೊದಲು ಗಂಡನಿಗೆ, ಗಂಡನಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ತವರಿನವರಿಗೆ ಇದು ಅನ್ಯಾಯವೆನಿಸುತ್ತದೆ, ನಮಗೂ ಅನಿಸುತ್ತದೆ. ಅಂಥವರು ವಿಲ್ ಬರೆಯುವುದೊಂದೇ ದಾರಿ.

ಇನ್ನು, ‘ಬೊಂಬಾಯಿಗೆ ಓಡಿಹೋದವ, ಮತ್ತೆ ಬರಲೇ ಇಲ್ಲ’ ಎನ್ನುವ ಚಿಕ್ಕಪ್ಪ ಕರಾವಳಿಯ ಎಷ್ಟೋ ಮನೆಗಳಲ್ಲಿದ್ದಾರೆ. ಸುದ್ದಿ ಇರಬೇಕಾದವರಿಗೆ ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ಸತ್ತರೆಂದು ಭಾವಿಸಬಹುದು. ಆದರೆ ಹಾಗೆ ಭಾವಿಸಬೇಕಾದದ್ದು ಸಿವಿಲ್ ನ್ಯಾಯಾಲಯ, ವಂಶವೃಕ್ಷ ಬರೆಯುವ ಗ್ರಾಮ ಆಡಳಿತಾಧಿಕಾರಿಯಲ್ಲ. ಘೋಷಣೆಯ ಡಿಕ್ರಿಯಿಲ್ಲದೆ ‘ಮೃತ’ ಎಂದು ಬರೆಸಬೇಡಿ.

ಕ್ರೈಸ್ತ ಮನೆಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ: ವಿಧವೆಗೆ ಮೂರನೇ ಒಂದು, ಉಳಿದ ಎರಡು ಭಾಗ ಮಕ್ಕಳಿಗೆ ಸಮವಾಗಿ. ಮುಸ್ಲಿಮರಿಗೆ ಅವರ ಶರಿಯತ್ ಲೆಕ್ಕ.

ಖಾತೆ ಮೊದಲು, ಪಾಲು ಆಮೇಲೆ

ಪಾಲಿನ ಬಗ್ಗೆ ಒಮ್ಮತ ಇಲ್ಲದಿದ್ದರೂ ಪೌತಿ ಖಾತೆ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ, ಮಾಡಿಸಬಹುದು, ಮಾಡಿಸಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಆರ್‌ಟಿಸಿ, ವಾರಸುದಾರರ ಗುರುತಿನ ದಾಖಲೆ ಸೇರಿಸಿ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಎಲ್ಲ ವಾರಸುದಾರರ ಹೆಸರೂ ಜಂಟಿಯಾಗಿ ಏರುತ್ತದೆ. ಮ್ಯುಟೇಷನ್ (ಖಾತೆ ಬದಲಾವಣೆಯ) ನೋಟೀಸು ಹೊರಟ ಮೇಲೆ ತಕರಾರಿಗೆ ಇರುವುದು ಸ್ವಲ್ಪ ಅವಧಿ. ಆ ಅವಧಿ ಮುಂಬಯಿಯಲ್ಲಿದ್ದವರಿಗೆ ಗೊತ್ತೇ ಆಗದೆ ಕಳೆದುಹೋಗುತ್ತದೆ, ಏಕೆಂದರೆ ನೋಟೀಸು ಅಂಟಿಸುವುದು ಊರಿನ ಚಾವಡಿಯಲ್ಲಿ. ವಂಶವೃಕ್ಷದಲ್ಲಿ ಅಕ್ಕತಂಗಿಯರನ್ನು ಬಿಟ್ಟು ಖಾತೆ ಮಾಡಿಸಿಕೊಳ್ಳುವ ಆಟ ನಡೆಯುವುದು ಈ ಸಂದಿಯಲ್ಲೇ. ಹಾಗಾದದ್ದು ತಿಳಿದ ಕೂಡಲೇ ಸಹಾಯಕ ಕಮಿಷನರರಲ್ಲಿ ಕರ್ನಾಟಕ ಭೂಕಂದಾಯ ಕಾಯಿದೆಯ 136ನೇ ಕಲಮಿನಡಿ ಮೇಲ್ಮನವಿ ಹಾಕಬೇಕು.

ಹಾಗೆಂದು ಹೆದರಿ ಕೂರಬೇಕಿಲ್ಲ. ಖಾತೆ ಒಡೆತನ ಕೊಡುವುದಿಲ್ಲ. ತೀರ್ವೆ ಯಾರಿಂದ ವಸೂಲು ಮಾಡಬೇಕು ಎಂಬುದಕ್ಕಾಗಿ ಇರುವ ದಾಖಲೆ ಅದು. ಸುಪ್ರೀಂ ಕೋರ್ಟು ಇದನ್ನು 1996ರಿಂದ ಮತ್ತೆ ಮತ್ತೆ ಹೇಳುತ್ತ ಬಂದಿದೆ. ಆರ್‌ಟಿಸಿಯ ನಮೂದು ಸರಿಯೆಂದು ಮೊದಲಿಗೆ ಭಾವಿಸಲಾಗುತ್ತದೆ, ತಪ್ಪೆಂದು ತೋರಿಸಲು ದಾರಿ ತೆರೆದೇ ಇರುತ್ತದೆ. 12ನೇ ಕಾಲಂನಲ್ಲಿ ಸಾಗುವಳಿದಾರ ಎಂದು ಅಣ್ಣನ ಹೆಸರಿದ್ದರೂ ಅಷ್ಟೇ. ಜಂಟಿ ಆಸ್ತಿಯಲ್ಲಿ ಒಬ್ಬರು ಇದ್ದರೆ ಎಲ್ಲರ ಪರವಾಗಿ ಇದ್ದಂತೆ. ಆದರೆ ‘ನಿನಗಿಲ್ಲಿ ಏನೂ ಇಲ್ಲ’ ಎಂದು ಸ್ಪಷ್ಟವಾಗಿ ಹೊರಗಿಟ್ಟದ್ದು ಗೊತ್ತಾದ ಮೇಲೆ 12 ವರ್ಷ ಸುಮ್ಮನಿದ್ದರೆ ಹಕ್ಕು ಹೋಗಬಹುದು. ಅಣ್ಣನ ವಕೀಲರ ನೋಟೀಸಿನ ಉತ್ತರದಲ್ಲಿ ಇಂಥ ಸಾಲಿದ್ದರೆ ಅದರ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಸಕ್ಸೆಷನ್ ಸರ್ಟಿಫಿಕೇಟು ತೆಗೆದರೆ ಜಾಗ ತನ್ನದಾಗುತ್ತದೆ ಎಂದು ಖರ್ಚು ಮಾಡುವವರಿದ್ದಾರೆ. ಅದು ಬ್ಯಾಂಕಿನ ಹಣ, ಷೇರು, ಬರಬೇಕಾದ ಸಾಲಗಳಿಗೆ, ಜಾಗಕ್ಕಲ್ಲ. ಮುಂಬಯಿಯ ಫ್ಲ್ಯಾಟಿನಲ್ಲಿ ನಾಮಿನಿಯಾದ ಮಗನೂ ಮಾಲೀಕನಲ್ಲ. 2019ರ ತಿದ್ದುಪಡಿಯ ನಂತರ ಮಹಾರಾಷ್ಟ್ರದ ಸೊಸೈಟಿ ಕಾಯಿದೆ ಅವನನ್ನು ತಾತ್ಕಾಲಿಕ ಸದಸ್ಯನೆಂದೇ ಕರೆಯುತ್ತದೆ. ಸೊಲ್ಲಾಪುರ, ಕೊಲ್ಹಾಪುರದ ಕಡೆ ಹೊಲವಿದ್ದವರು, ಕರ್ಜತ್ತಿನಲ್ಲಿ ತುಂಡು ಜಾಗ ಕೊಂಡವರು ಮಹಾರಾಷ್ಟ್ರದ ಪಹಣಿಯಾದ ಸಾತ್-ಬಾರಾ ನೋಡಬೇಕು. ಅಲ್ಲಿ ವಾರಸು ನೋಂದಣಿಗೆ ತಲಾಠಿಗೆ (ಗ್ರಾಮ ಲೆಕ್ಕಿಗರಿಗೆ) ಮೂರು ತಿಂಗಳೊಳಗೆ ತಿಳಿಸಬೇಕು, ಫೇರ್‌ಫಾರ್, ಅಂದರೆ ಖಾತೆ ಬದಲಾವಣೆಯ, ನೋಟೀಸಿಗೆ ತಕರಾರಿನ ಅವಧಿ 15 ದಿನ ಮಾತ್ರ.

ವಿಲ್ ಹೊರಬಂದಾಗ

ಬೊಜ್ಜ (ಉತ್ತರಕ್ರಿಯೆ) ಕಳೆದು ನಾಲ್ಕು ದಿನಕ್ಕೆ ಕಪಾಟಿನಿಂದ ವಿಲ್ ಹೊರಬರುತ್ತದೆ. ವಿಲ್‌ಗೆ ಸ್ಟಾಂಪು ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಬೇಕೇ ಬೇಕು. ತಕರಾರು ಬಂದರೆ ಅವರಲ್ಲಿ ಒಬ್ಬರಾದರೂ ಕಟಕಟೆಗೆ ಬಂದು ಹೇಳಬೇಕು. ತಮಗಿಂತ ವಯಸ್ಸಾದ ಗೆಳೆಯರನ್ನೇ ಸಾಕ್ಷಿ ಹಾಕಿದರೆ ಮಕ್ಕಳಿಗೆ ಕಷ್ಟ. ಪಾಲು ಪಡೆಯುವವನೇ ವಕೀಲರನ್ನು ಕರೆತಂದದ್ದು, ಬರೆದವರು ಆಗ ಆಸ್ಪತ್ರೆಯಲ್ಲಿದ್ದದ್ದು, ಹೆಂಡತಿಗೆ ಏಕೆ ಏನೂ ಇಲ್ಲ ಎಂದು ಒಂದು ಸಾಲೂ ಇಲ್ಲದಿರುವುದು, ಇವೆಲ್ಲ ಸಂಶಯಾಸ್ಪದ ಸಂದರ್ಭಗಳು. ಅವನ್ನು ನಿವಾರಿಸುವ ಹೊಣೆ ವಿಲ್ ಹಿಡಿದು ಬಂದವರದು. 1959ರಲ್ಲಿ ವರದಿಯಾದ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ ಪ್ರಕರಣ, ನಮ್ಮ ಮೈಸೂರಿನದು, ಇಂದಿಗೂ ಇದಕ್ಕೆ ಅಳತೆಗೋಲು. ವಿಲ್ ನಿಜವೆಂದು ಸಾಬೀತಾದರೂ, ಬರೆದವರಿಗೆ ಆ ಜಾಗದಲ್ಲಿ ಎಷ್ಟು ಹಕ್ಕಿತ್ತೋ ಅಷ್ಟೇ ಸಾಗುತ್ತದೆ. ಪಿತ್ರಾರ್ಜಿತದ ಇಡೀ 4 ಎಕರೆಯನ್ನು ಒಬ್ಬ ಮಗನಿಗೆ ಬರೆದರೆ, ಮೇಲಿನ ಮದ್ರಾಸ್ ಲೆಕ್ಕದಲ್ಲಿ, ವಿಲ್‌ನಿಂದ ಅವನಿಗೆ ಸಿಗುವುದು ತಂದೆಯ ಪಾಲಿನ ಒಂದು ಎಕರೆ ಮಾತ್ರ.

ಪಾಲುಪತ್ರ ಬರೆಯುವಾಗ

ಒಪ್ಪಿಗೆಯಾಯಿತು. ಇಲ್ಲಿಂದ ಮುಂದೆ ಜಗಳವಾಗುವುದು ಅಕ್ಷರಗಳಿಂದ. ‘ಈ ಮೂಲಕ ಪಾಲು ಮಾಡಿಕೊಂಡಿದ್ದೇವೆ’ ಎಂದು ಬರೆದ ಕಾಗದಕ್ಕೆ ನೋಂದಣಿ ಕಡ್ಡಾಯ, ಇಲ್ಲವಾದರೆ ನ್ಯಾಯಾಲಯದಲ್ಲಿ ಪಾಲಿನ ರುಜುವಾತಾಗಿ ನಡೆಯದು. ‘ಹಿಂದೆ ಆಗಿಹೋದ ಪಾಲನ್ನು ನೆನಪಿಗಾಗಿ ಬರೆದಿಟ್ಟಿದ್ದೇವೆ’ ಎಂಬುದಕ್ಕೆ ನೋಂದಣಿ ಬೇಡವೆಂದು 1976ರ ಕಾಳೆ ಪ್ರಕರಣದಿಂದ ತಿಳಿಯುತ್ತದೆ. ಆದರೆ ನೂರು ರೂಪಾಯಿಯ ಪತ್ರದಲ್ಲಿ ಈ ಜಾಣತನ ಮಾಡಿದರೆ ಖಾತೆ ಬೇರೆಯಾಗುವಾಗ ಹೇಗೂ ತೊಡಕು. ನೋಂದಾಯಿಸಿ. ನೋಂದಣಿ ಆಗಬೇಕಾದದ್ದು ಜಾಗವಿರುವ ಜಿಲ್ಲೆಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಸಹಿ ಹಾಕಿದ ನಾಲ್ಕು ತಿಂಗಳೊಳಗೆ.

ಒಂದು ಸರ್ವೆ ನಂಬರಿನ ಒಳಗೇ ಪಾಲಾಗುವುದಾದರೆ ಮೊದಲು 11ಇ ನಕ್ಷೆ, ಅಂದರೆ ಒಡೆಯುವ ಭಾಗಗಳನ್ನು ಅಳೆದು ತೋರಿಸುವ ಸರ್ವೆ ನಕ್ಷೆ, ಮಾಡಿಸಿ. ಸರ್ವೆಯವರು ಅಳೆದಾಗ ಆರ್‌ಟಿಸಿಯ 2.40 ಎಕರೆ ನೆಲದ ಮೇಲೆ 2.28 ಆಗುವುದು ಹೊಸತಲ್ಲ. ಆ 12 ಸೆಂಟ್ಸು ಯಾರ ಪಾಲಿನಿಂದ ಹೋಗಬೇಕು ಎಂಬುದನ್ನು ಸಹಿಗೆ ಮುಂಚೆ ತೀರ್ಮಾನಿಸಿ. ಉತ್ತರ ಕರ್ನಾಟಕದವರು ಗುಂಟೆಯಲ್ಲಿ ಹೇಳುತ್ತಾರೆ, ಕರಾವಳಿಯವರು ಸೆಂಟ್ಸಿನಲ್ಲಿ. 40 ಗುಂಟೆಗೆ ಒಂದು ಎಕರೆ, ಒಂದು ಗುಂಟೆಗೆ ಎರಡೂವರೆ ಸೆಂಟ್ಸು. ಆರ್‌ಟಿಸಿಯಲ್ಲಿ ಚುಕ್ಕಿಯ ನಂತರದ ಅಂಕಿ ಗುಂಟೆಯೋ ಸೆಂಟ್ಸೋ ಎಂದು ನೋಡದೆ ಬರೆದ ಪತ್ರಗಳು ಇವೆ.

ಪಾಲುಪತ್ರದಲ್ಲಿ ಚೆಕ್ಕುಬಂದಿ ಎಲ್ಲರೂ ಬರೆಸುತ್ತಾರೆ. ಬಿಟ್ಟುಹೋಗುವುದು ದಾರಿ. ‘ವಾಡಿಕೆಯ ದಾರಿ’ ಎಂದು ಬರೆದರೆ ಕಾಲುದಾರಿಯೋ, ಕಾರು ಹೋಗುವ ದಾರಿಯೋ ಎಂಬ ದಾವೆಗೆ ಬೀಜ ಬಿತ್ತಿದಂತೆ. ಎಷ್ಟು ಅಡಿ ಅಗಲ, ಯಾವ ಪಾಲಿನ ಯಾವ ದಿಕ್ಕಿನಿಂದ ಎಂದು ಬರೆದು ನಕ್ಷೆಯಲ್ಲಿ ಬಣ್ಣ ಹಚ್ಚಿ. ಬಾವಿ ಒಬ್ಬರ ಪಾಲಿಗೆ ಬಂದರೆ ನೀರೆತ್ತುವ ಹಕ್ಕು ಯಾರಿಗೆ, ಪಂಪಿನ ಮೀಟರಿನ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಯಾರ ಹೆಸರಿಗೆ, ಬಿಲ್ಲು ಹೇಗೆ ಹಂಚಿಕೆ, ಪೈಪು ಹಾಯುವ ಜಾಗ ಯಾವುದು ಎಂಬುದೂ ಬೇಕು. ನಾಗಬನ, ದೈವದ ಗುಡಿ, ಚಾವಡಿ ಇರುವ ಭಾಗವನ್ನು ಯಾರ ಪಾಲಿಗೂ ಹಾಕದೆ ಸೆಂಟ್ಸು ಲೆಕ್ಕದಲ್ಲಿ ಸಾಮಾನ್ಯ ಆಸ್ತಿಯಾಗಿ ಬಿಡಿ, ಅಲ್ಲಿಗೆ ಹೋಗುವ ದಾರಿಯ ಸಮೇತ. ವರ್ಷಕ್ಕೊಮ್ಮೆ ತಂಬಿಲಕ್ಕೆ (ನಾಗ, ದೈವದ ಪೂಜೆಗೆ) ಬರುವವರನ್ನು ಗೇಟಿನಲ್ಲಿ ತಡೆದ ಪ್ರಕರಣಗಳು ಠಾಣೆಗೆ ಹೋಗುತ್ತವೆ.

11ನೇ ಕಾಲಂನಲ್ಲಿ ಸೊಸೈಟಿಯ ಬೆಳೆಸಾಲವಿದ್ದರೆ ತೀರಿಸಿ, ಇಲ್ಲವೇ ಯಾರು ತೀರಿಸುವುದೆಂದು ಬರೆಯಿರಿ. ಮೈನರ್ ಒಬ್ಬರ ಪಾಲನ್ನು ತಾಯಿಯೇ ಬಿಟ್ಟುಕೊಡುವುದಾದರೆ ಜಿಲ್ಲಾ ನ್ಯಾಯಾಲಯದ ಅನುಮತಿ ಮೊದಲು. ಇಲ್ಲದಿದ್ದರೆ ಮಗು ಪ್ರಾಯಕ್ಕೆ ಬಂದು ಮೂರು ವರ್ಷದೊಳಗೆ ಅದನ್ನು ರದ್ದು ಮಾಡಿಸಬಹುದು.

ಒಬ್ಬರು ತನ್ನ ಪಾಲನ್ನು ಹೊರಗಿನವರಿಗೆ ಮಾರಲು ಹೊರಟರೆ, ಜೊತೆಗೇ ವಾರಸುದಾರರಾದ ಉಳಿದವರಿಗೆ ಮೊದಲು ಕೊಳ್ಳುವ ಹಕ್ಕುಂಟು: ಹಿಂದೂ ಉತ್ತರಾಧಿಕಾರ ಕಾಯಿದೆಯ 22ನೇ ಕಲಮು. ಅದು ಕೃಷಿ ಜಾಗಕ್ಕೂ ಅನ್ವಯಿಸುತ್ತದೆಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬೆಲೆ ಹೊಂದದಿದ್ದರೆ ನ್ಯಾಯಾಲಯ ಗೊತ್ತುಪಡಿಸುತ್ತದೆ.

ದಾವೆಯೇ ಆದರೆ

ಪಾಲಿನ ದಾವೆಯಲ್ಲಿ ಎಲ್ಲ ಪಾಲುದಾರರೂ, ಎಲ್ಲ ಆಸ್ತಿಯೂ ಇರಬೇಕು. ಊರಿನ ಗದ್ದೆ ಮಾತ್ರ ಹೇಳಿ ಮುಂಬಯಿಯ ಕೋಣೆಯನ್ನು ಮುಚ್ಚಿಟ್ಟರೆ ದಾವೆ ಅಲ್ಲೇ ಕುಂಟುತ್ತದೆ. ಉಡುಪಿಯಲ್ಲೂ ಮುಂಬಯಿಯಲ್ಲೂ ಆಸ್ತಿಯಿದ್ದರೆ ಎರಡರಲ್ಲಿ ಒಂದು ಕಡೆ ಹಾಕಿದರೆ ಸಾಕು. ಕರ್ನಾಟಕದಲ್ಲಿ ‘ಜಂಟಿ ಸ್ವಾಧೀನದಲ್ಲಿದ್ದೇನೆ’ ಎಂದಾದರೆ ನ್ಯಾಯಾಲಯ ಶುಲ್ಕ ಅಲ್ಪ; ‘ನನ್ನನ್ನು ಹೊರಗಿಟ್ಟಿದ್ದಾರೆ’ ಎಂದಾದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ. ಅರ್ಜಿಯ ಒಂದು ವಾಕ್ಯಕ್ಕೆ ಇಷ್ಟು ಬೆಲೆಯಿದೆ.

ಗೆದ್ದೆವೆಂದು ಸಿಹಿ ಹಂಚುವುದು ಪ್ರಾಥಮಿಕ ಡಿಕ್ರಿಯ ದಿನ. ಅದರಲ್ಲಿರುವುದು ‘ಮೂರನೇ ಒಂದು’ ಎಂಬ ಭಿನ್ನರಾಶಿ ಮಾತ್ರ. ಯಾವ ಮೂಲೆಯ ಯಾವ 80 ಸೆಂಟ್ಸು ಎಂಬುದು ಅಂತಿಮ ಡಿಕ್ರಿಯಲ್ಲಿ. ಮನೆ, ನಿವೇಶನಕ್ಕೆ ಕೋರ್ಟ್ ಕಮಿಷನರ್ ಬರುತ್ತಾರೆ, ತೀರ್ವೆಯ ಜಮೀನು ಜಿಲ್ಲಾಧಿಕಾರಿಗಳ ಮೂಲಕ ಅಳತೆಯಾಗುತ್ತದೆ. ಈ ಎರಡರ ನಡುವೆ ಯಾರಾದರೂ ತೀರಿಹೋದರೆ ಪಾಲು ಮತ್ತೆ ಬದಲಾಗುತ್ತದೆ. ಅರ್ಧ ದಾರಿಯಲ್ಲಾದರೂ ಮನಸ್ಸು ಕೂಡಿದರೆ ಲೋಕ ಅದಾಲತ್ತಿಗೆ ಕೊಂಡೊಯ್ಯಿರಿ. ಅಲ್ಲಿನ ತೀರ್ಮಾನಕ್ಕೆ ಡಿಕ್ರಿಯ ಬಲವುಂಟು, ಅಪೀಲಿಲ್ಲ, ಕಟ್ಟಿದ ಶುಲ್ಕ ವಾಪಸು.

ಕೊನೆಗೆ, ಇಲ್ಲಿಂದ ಹೋಗಲಾಗದವರು ಕೊಡುವ ಪವರ್ ಆಫ್ ಅಟಾರ್ನಿ. ಮುಂಬಯಿಯಲ್ಲಿ ವಾಸವಿದ್ದರೆ ಇಲ್ಲಿನ ಸಬ್ ರಿಜಿಸ್ಟ್ರಾರ್ ಮುಂದೆಯೇ ಸಹಿ ಹಾಕಿ ದೃಢೀಕರಿಸಿ ಊರಿಗೆ ಕಳಿಸಬಹುದು. ಬರೀ ನೋಟರಿಯದ್ದಾದರೆ ಊರಿನ ಕೌಂಟರಿನಲ್ಲಿ ತಕರಾರು ಬರುತ್ತದೆ. ಕೊಲ್ಲಿಯಲ್ಲಿರುವವರು ಭಾರತೀಯ ದೂತಾವಾಸದಲ್ಲಿ ಮಾಡಿಸಿ, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪು ಕಟ್ಟಿಸಬೇಕು. ಎಲ್ಲ ಅಧಿಕಾರ ಬರೆದುಕೊಡುವ ಜಿಪಿಎ ಬೇಡ. ಸರ್ವೆ ನಂಬರ್ ನಮೂದಿಸಿ, ‘ಈ ಪಾಲುಪತ್ರಕ್ಕೆ ಸಹಿ ಹಾಕಲು ಮಾತ್ರ, ಮಾರಲು ಅಧಿಕಾರವಿಲ್ಲ’ ಎಂದು ಬರೆಯಿರಿ. ಕೊಟ್ಟವರು ತೀರಿಹೋದ ಕ್ಷಣ ಆ ಪತ್ರಕ್ಕೆ ಬಲವಿಲ್ಲ. ಆದರೂ ಅಪ್ಪ ಕೊಟ್ಟ ಜಿಪಿಎ ಹಿಡಿದು ಅಪ್ಪ ಹೋದ ಮೇಲೆ ಮಾರಿದ ಕ್ರಯಪತ್ರಗಳು ಸಿಗುತ್ತವೆ. ಋಣಭಾರ ಪತ್ರ, ಅಂದರೆ ಇಸಿ, ತೆಗೆಸುವಾಗ ಮರಣದ ತಾರೀಕಿಗೆ ನಿಲ್ಲಿಸದೆ ಇವತ್ತಿನವರೆಗೆ ತೆಗೆಸಿ, ಮಾರಿದ ದಿನವನ್ನೂ ಮರಣದ ದಿನವನ್ನೂ ಪಕ್ಕದಲ್ಲಿಟ್ಟು ನೋಡಿ.